ಎತ್ತುಕೂಲಿ

ನಮ್ಮ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಒಂದ್ಮಾತಣ್ಣ. ಹಳೆಯ ಕುರ್ಚಿ, ಮೇಜು, ಬೀರುಗಳನ್ನು ಕೊಂಡು, ಸಡಿಲವಾದದ್ದನ್ನು ಬಿಗಿದು, ಪಾಲಿಶ್ ಹಾಕಿ ಮಾರುವುದು ಅವರ ಕಸುಬು. ಬೆಲೆ ಒಂದು ಸಲ ಬಾಯಿಂದ ಬಂದರೆ ಬಂತು. ಆಮೇಲೆ ಇನ್ನೊಬ್ಬ ಬಂದು ಎರಡರಷ್ಟು ಕೊಡುತ್ತೇನೆ ಎಂದರೂ ಸಾಮಾನು ಮೊದಲನೆಯವನದೇ. ಮಾರುತ್ತೇನೆ ಎಂದು ಹೇಳಿ ಹಿಂದೆ ಸರಿಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಇದರಿಂದ ಅವರು ಉದ್ಧಾರವಾದರು ಎಂದು ಯಾರೂ ತಿಳಿಯಬೇಡಿ. ಮಾತು ಉಳಿಯಿತು, ಗಂಟು ಕರಗಿತು.

ಅಂಗಡಿಯ ಹಿಂಬದಿಯಲ್ಲಿ ಅತ್ತೆ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಬೆತ್ತದ ಎಳೆಗಳನ್ನು ಬಕೆಟ್ ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಚೌಕಟ್ಟಿನ ತೂತಿನಿಂದ ತೂತಿಗೆ ಎಳೆದು ಬಿಗಿಯುವ ಕೆಲಸ. ಗಂಡ ಹೆಂಡತಿ ದಿನವಿಡೀ ಕಚ್ಚಾಡುತ್ತಿದ್ದರು. “ನಿಮ್ಮ ಪಾಲಿಶ್ ನನ್ನ ಬೆತ್ತಕ್ಕೆ ಅಂಟುತ್ತೆ” ಎಂದು ಅವರು, “ನಿನ್ನ ನೀರಿಗೆ ನನ್ನ ಮರ ಉಬ್ಬುತ್ತೆ” ಎಂದು ಇವರು. ಒಬ್ಬರಿಲ್ಲದೆ ಒಬ್ಬರಿಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ.

ಅತ್ತೆ ತೀರಿಹೋದಾಗ ಒಂದು ಕುರ್ಚಿ ಅರ್ಧ ಹೆಣೆದದ್ದು ಹಾಗೇ ಉಳಿಯಿತು. ಊಟಕ್ಕೆ ಏಳುವಾಗ ಮಾಡುವಂತೆ ಎಳೆಯ ತುದಿಯನ್ನು ಚೌಕಟ್ಟಿಗೆ ಸುತ್ತಿ ಸಿಕ್ಕಿಸಿ ಎದ್ದವರು ಮತ್ತೆ ಬಂದು ಕೂರಲಿಲ್ಲ. ಮಾವ ಆ ಕುರ್ಚಿಯನ್ನು ಮಾರಲೂ ಇಲ್ಲ, ಮುಗಿಸಲೂ ಇಲ್ಲ. ಯಾರಾದರೂ ಕೇಳಿದರೆ, “ಅದರ ಕೆಲಸ ನಡೀತಾ ಇದೆ” ಎನ್ನುತ್ತಿದ್ದರು.

ಗಿರಾಕಿಗಳು ಕಡಿಮೆಯಾದ ಮೇಲೆ ವ್ಯಾಪಾರವನ್ನು ಮಾವನ ಮಗಳ ಗಂಡ, ಅಳಿಯ, ವಹಿಸಿಕೊಂಡ. ಅಂಗಡಿ ಮುಚ್ಚಿ, ಸಾಮಾನನ್ನೆಲ್ಲ ತನ್ನ ಮನೆಯ ಶೆಡ್ಡಿಗೆ ಸಾಗಿಸಿ, ಫೋಟೋ ತೆಗೆದು ಆನ್‌ಲೈನ್ ಹರಾಜಿಗೆ ಹಾಕತೊಡಗಿದ. ಮಾವನನ್ನೂ ಮನೆಗೆ ಕರೆದುಕೊಂಡ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದು ಹಗುರವಾಗಬಹುದಿತ್ತು, ಅದೇ ನನ್ನ ಸಂಕಟ.

ಜಗಳ ಹತ್ತಿದ್ದು ಎತ್ತುಕೂಲಿಗೆ. ದೂರದವರಿಗೆ ಸಾಮಾನು ಕಳಿಸುವ ಖರ್ಚು ಬೇರೆ. ತಾವೇ ಬಂದು ಒಯ್ಯುವವರೂ ಎತ್ತುಕೂಲಿ ಅಂತ ಇಷ್ಟು ಕೊಡಬೇಕು ಎಂದು ಅಳಿಯ ಹರಾಜಿನ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಬರೆದುಬಿಟ್ಟ. ಮೊದಲ ಭಾನುವಾರವೇ ಒಬ್ಬ ಬಸ್ ಡ್ರೈವರ್ ಮೇಜನ್ನು ತಲೆಯ ಮೇಲೆ ಹೊತ್ತುಕೊಂಡೇ ಕೇಳಿದ, “ಎತ್ತೋನು ನಾನು, ಕೂಲಿ ನಿಮಗಾ? ಹಾಗಾದ್ರೆ ನಾನು ಎತ್ತೇ ಅಂತಾಯ್ತಲ್ಲ ಸ್ವಾಮಿ!”

ಗೇಟಿನ ಹತ್ತಿರ ನಿಂತವರೆಲ್ಲ ನಕ್ಕರು. ಮಾವನಿಗೆ ಮೈಯೆಲ್ಲ ಉರಿದುಹೋಯಿತು.

“ಅವನ ಸಾಮಾನು ಅವನು ಹೊತ್ಕೊಂಡು ಹೋಗೋಕೆ ನಿಮಗ್ಯಾಕೆ ದುಡ್ಡು?” ಎಂದರು. ಬೈಯುವಾಗಲೂ ಅಳಿಯನಿಗೆ ಬಹುವಚನ ತಪ್ಪಿಸಿದವರಲ್ಲ.

“ಬೆಳಿಗ್ಗೆ ಬರ್ತೀನಿ ಅಂದೋರು ಸಂಜೆ ಬರ್ತಾರೆ ಮಾವ. ನಾನು ಕಾಯಬೇಕು, ಹುಡುಕಿ ಈಚೆ ತರಬೇಕು, ಧೂಳಿದೆ ಅಂತ ಬೈಸ್ಕೋಬೇಕು. ನನ್ನ ಭಾನುವಾರಕ್ಕೆ ಬೆಲೆ ಇಲ್ವಾ?”

ಅದೂ ಸುಳ್ಳಲ್ಲ. ಆದರೆ ಬೆಲೆ ಇದ್ದರೆ ಅದನ್ನು ಸಾಮಾನಿನ ಬೆಲೆಯಲ್ಲೇ ಸೇರಿಸಿ ಹೇಳಲಿ. ಅಗ್ಗ ಎಂದು ಕರೆದು, ಬಂದವರಿಗೆ ಗೇಟಿನಲ್ಲಿ ಕೈಯೊಡ್ಡುವುದು ಯಾವ ಸೀಮೆಯ ವ್ಯಾಪಾರ? ಮಾವ ಇಷ್ಟೆಲ್ಲ ಹೇಳಲಿಲ್ಲ. “ಕೂಲಿ ತಗೊಂಡ್ರೆ ಕೂಲಿಗೆ ತಕ್ಕ ಕೆಲಸನಾದ್ರೂ ಮಾಡಿ. ಒರೆಸಿ, ಹರಿದದ್ದು ಮುರಿದದ್ದು ಸರಿ ಮಾಡಿ ಕೊಡಿ” ಎಂದು ಎದ್ದುಹೋದರು. ಅಲ್ಲಿಂದಾಚೆಗೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಿದ್ದರು. ನಾನು ಸುಮ್ಮನೆ ಫೋನಿನಲ್ಲಿ ಅಳಿಯನ ಹರಾಜಿನ ಪುಟ ತೋರಿಸುತ್ತಿದ್ದೆ. ಮಾವನ ಬೆರಳು ಒಂದು ಚಿತ್ರದ ಮೇಲೆ ನಿಂತುಬಿಟ್ಟಿತು. ‘ಅರ್ಧ ಹೆಣೆದ ಹಳೆ ಕುರ್ಚಿ. ರಿಪೇರಿ ಬೇಕು.’

“ಅಯ್ಯೋ, ಅತ್ತೆಯದಲ್ವಾ ಇದು! ತಡೀರಿ, ಈಗಲೇ ಫೋನ್ ಮಾಡಿ ತೆಗೆಸ್ತೀನಿ” ಎಂದೆ.

“ಬೇಡ. ಯಾರೋ ಆಗಲೇ ಕೂಗಿದ್ದಾರೆ ನೋಡು.”

“ಕೂಗಿದ್ರೆ ಕೂಗಲಿ! ನಿಮ್ಮ ಕುರ್ಚಿ ಮಾವ!”

“ಮಾರ್ತೀನಿ ಅಂದ್ಮೇಲೆ ಮಾರೋದೇ.”

ಹಿಂದೆ ಒಂದು ಬೀರು ತೀರಾ ಅಗ್ಗಕ್ಕೆ ಹೋಗುತ್ತಿದೆ ಎಂದು ಅಳಿಯ ಅದನ್ನು ಹರಾಜಿನಿಂದ ತೆಗೆಯಹೊರಟಾಗ ಇದೇ ಮಾತು ಹೇಳಿ, ಊಟ ಬಿಟ್ಟು ಕೂತು ತಡೆದವರು ಇವರೇ. ಈಗ ತಮ್ಮದೆಂದ ಕೂಡಲೇ ನ್ಯಾಯ ಬದಲಾಗುವುದಿಲ್ಲವಂತೆ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಒಂದು ಮಾತನ್ನು ತೆಗೆದು ಬಾವಿಗೆ ಹಾಕಬೇಕೆನಿಸಿತು.

“ನಾನೂ ಕೂಗ್ತೀನಿ. ಅದಕ್ಕೇನು ಮಾಡ್ಬೇಕೋ ಮಾಡಿಕೊಡು” ಎಂದರು. ಖಾತೆಗೆ ಏನೋ ಒಂದು ಅಡ್ಡಹೆಸರಿಟ್ಟು ತೆರೆದುಕೊಟ್ಟೆ. ಎದುರಾಳಿ ಯಾರೋ ಹಟಮಾರಿ, ಬಿಡುತ್ತಿರಲಿಲ್ಲ. ಮಾವ ಕನ್ನಡಕ ಏರಿಸಿಕೊಂಡು, ಒಂದೊಂದು ಸಲವೂ ತುಟಿ ಕಚ್ಚಿ ಮೇಲೇರಿಸಿದರು. ಕೊನೆಗೆ ಕುರ್ಚಿ ಅವರದಾಯಿತು. ಅವರದೇ ಕುರ್ಚಿ.

“ಇವತ್ತೇ ಹೋಗಿ ಎತ್ತಿಟ್ಕೊಳ್ಳಿ” ಎಂದೆ.

“ಭಾನುವಾರ ಕೊಡ್ತೀವಿ ಅಂತ ಬರೆದಿದ್ದಾರಲ್ಲ. ಎಲ್ಲರ ಹಾಗೆ ನಾನೂ ಭಾನುವಾರನೇ ಹೋಗ್ತೀನಿ.”

ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ಮನುಷ್ಯ ಭಾನುವಾರ ಬೆಳಿಗ್ಗೆ ಹಿಂದಿನ ಬಾಗಿಲಿಂದ ಹೊರಬಿದ್ದು, ಬೀದಿ ಸುತ್ತಿ ಬಂದು, ಮುಂದಿನ ಗೇಟಿನಲ್ಲಿ ಕೊಂಡವರ ಸಾಲಿನಲ್ಲಿ ನಿಂತರು. ಫೋನ್ ನನ್ನ ಕೈಲಿತ್ತು, ಹಾಗಾಗಿ ನಾನೂ ನಿಂತೆ.

“ಇದೇನು ಮಾವ, ಇಲ್ಲಿ ನಿಂತಿದ್ದೀರಾ? ಒಳಗೆ ಬನ್ನಿ” ಎಂದ ಅಳಿಯ.

ನಾನು ಫೋನ್ ತೋರಿಸಿದೆ. ಅವನು ಪೆಚ್ಚಾದ. “ಅಯ್ಯೋ, ಒಂದು ಮಾತು ಹೇಳಿದ್ರೆ ಹಾಗೇ ಕೊಡ್ತಿದ್ನಲ್ಲ!” ಎನ್ನುತ್ತಾ ಶೆಡ್ಡಿಗೆ ಓಡಿದ. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ತರುವಾಗ ಅವನ ಮುಖ ಅರಳಿತ್ತು. “ನೋಡಿ ಮಾವ, ನೀವು ಹೇಳಿದ ಹಾಗೇ ಮಾಡಿದ್ದೀನಿ. ಈಗ ಕೂಲಿ ತಗೊಂಡ್ರೆ ಕೆಲಸನೂ ಮಾಡಿ ಕೊಡೋದೇ.”

ಕುರ್ಚಿ ಹೊಳೆಯುತ್ತಿತ್ತು. ಕೂರುವ ಜಾಗದಲ್ಲಿ ಬಿಗಿಯಾಗಿ, ಅಂಚಿನಿಂದ ಅಂಚಿಗೆ, ನೀಲಿ ಪ್ಲಾಸ್ಟಿಕ್ ಪಟ್ಟಿ ಹೆಣೆದಿತ್ತು.

ಮಾವ ಬಗ್ಗಿ ಕೆಳಗೆ ನೋಡಿದರು. ಚೌಕಟ್ಟನ್ನು ಸುತ್ತಲೂ ಬೆರಳಿಂದ ತಡವಿದರು.

“ಇದರಲ್ಲಿದ್ದ ಬೆತ್ತ?”

“ಅದೆಲ್ಲ ಒಣಗಿ ಪುಡಿಪುಡಿ ಆಗಿತ್ತು ಮಾವ. ಕಿತ್ತು ಕಸದ ಗಾಡಿಗೆ ಹಾಕಿದೆ.”

ಯಾವತ್ತು ಎಂದು ನಾನು ಕೇಳುವಷ್ಟರಲ್ಲಿ ಮಾವ ಜೇಬಿನಿಂದ ಎತ್ತುಕೂಲಿ ತೆಗೆದರು. ಬೇಡ ಬೇಡ ಎಂದು ಅಳಿಯ ಕೈ ಹಿಂದೆ ಕಟ್ಟಿದ. ಮಾವ ಆ ಕೈಯನ್ನು ಹಿಡಿದೆಳೆದು ಅಂಗೈ ಬಿಡಿಸಿ ಇಟ್ಟರು.

“ಕೆಲಸ ಮಾಡಿದ್ದೀರಿ. ತಗೊಳ್ಳಿ.”

ಆಮೇಲೆ ಕುರ್ಚಿಯನ್ನು ಅವನ ಕಡೆಗೇ ಮೆಲ್ಲಗೆ ತಳ್ಳಿದರು.

“ಇದನ್ನ ಮತ್ತೆ ಹರಾಜಿಗೆ ಹಾಕಿ. ಈಗ ಕೆಲಸ ಮುಗಿದಿದೆ, ಯಾರಾದ್ರೂ ತಗೋತಾರೆ. ಬಂದೋರ ಹತ್ರ ಕೂಲಿ ಮಾತ್ರ ಕೇಳಬೇಡಿ, ಇದರದ್ದು ನಾನು ಕೊಟ್ಟಾಯ್ತು.”