ಕಡ್ಡಿ ಗೀರಿ ಹೋದವನು

ಆ ಸಂಜೆ ಅವಳ ಗಂಡ ಚಪ್ಪಲಿ ಬಿಡುವ ಮೊದಲೇ ನಗತೊಡಗಿದ. ಬೇಕರಿಯಲ್ಲಿ ಭಟ್ಟಿ ಹೊತ್ತಿಸುವುದು ಅವನ ಕೆಲಸ. ಹಸಿ ಸೌದೆಯೂ ಅವನ ಕೈಯಲ್ಲಿ ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತಿತ್ತು. ಮನುಷ್ಯರೂ ಅಷ್ಟೇ. ಯಾರದಾದರೂ ಕಿವಿಯಲ್ಲಿ ಒಂದು ಮಾತು ಊದಿ, ಹೊತ್ತಿಕೊಂಡದ್ದನ್ನು ನೋಡಿ, ಆಮೇಲೆ ತಾನೇ ಆರಿಸಿ ಎಲ್ಲರನ್ನೂ ನಗಿಸುತ್ತಿದ್ದ. ಜನ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು.

"ಇವತ್ತು ಯಾರಿಗೆ ಇಟ್ಟು ಬಂದ್ರಿ ಬೆಂಕಿ?" ಎಂದಳು.

"ದಪ್ಪಣ್ಣಂಗೆ."

ದಪ್ಪಣ್ಣ ಹಿಟ್ಟು ನಾದುವವ. ಮೀಸೆ ಎಂದೇ ಎಲ್ಲರೂ ಕರೆಯುವ ಅವನ ಗೆಳೆಯ ಬ್ರೆಡ್ಡು ಸುಡುವವ. ಇಬ್ಬರೂ ಚಡ್ಡಿ ದೋಸ್ತರು.

"'ದಪ್ಪಣ್ಣನ ಕೈ ಸೋತಿದೆ, ಹಿಟ್ಟು ಕಲಸೋ ಮಷೀನ್ ತರಿಸಿ ಅಂತ ಮೀಸೆ ಯಜಮಾನರಿಗೆ ಹೇಳ್ತಿದ್ದ' ಅಂದೆ. ಮುಖ ನೋಡಬೇಕಿತ್ತು ಕಣೇ, ಉಬ್ಬಿದ ಬನ್ನು!"

"ಪಾಪ ರೀ. ಒಂದೇ ತಟ್ಟೇಲಿ ಉಣ್ಣೋರು ಅವರು."

"ನಾಳೆ ಆರಿಸ್ತೀನಿ ಬಿಡೇ. ಒಂದು ರಾತ್ರಿ ಉರೀಲಿ."

ಬನ್ನಿನ ಮುಖ ನೆನೆದು ಅವಳೂ ನಕ್ಕಳು.

ಮಾರನೆಯ ಬೆಳಗ್ಗೆ ಭಟ್ಟಿಗೆ ಸೌದೆ ಜೋಡಿಸುತ್ತಿದ್ದವನು ಅಲ್ಲೇ ಮುಗ್ಗರಿಸಿ ಬಿದ್ದ. ಎದೆಬಡಿತ ನಿಂತಿತ್ತು. ಇನ್ನೂ ಯಾರೂ ಕೆಲಸಕ್ಕೆ ಬಂದಿರಲಿಲ್ಲ.

ಹೆಣ ಹೊರಲು ದಪ್ಪಣ್ಣನೂ ಬಂದ, ಮೀಸೆಯೂ ಬಂದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳಿಗೆ ಅದು ಕಂಡಿತು. ಮಾತಾಡುವ ಸ್ಥಿತಿ ಇರಲಿಲ್ಲ.

ಯಜಮಾನರು ಗಂಡನ ಕೆಲಸವನ್ನು ಅವಳಿಗೇ ಕೊಟ್ಟರು. ಅವಳು ಸೇರಿದ ವಾರದಲ್ಲೇ ಹಿಟ್ಟು ಕಲಸುವ ಮಷೀನೂ ಬಂದು ಇಳಿಯಿತು. ಅದು ಯಾರೂ ಹೇಳಿಕೊಟ್ಟದ್ದಲ್ಲ, ಯಜಮಾನರದೇ ಯೋಚನೆ. ದಪ್ಪಣ್ಣನಿಗೆ ಉಳಿದದ್ದು ಉಂಡೆ ಕಟ್ಟುವ ಕೆಲಸ.

ಅವಳು ಅವನನ್ನು ಪಕ್ಕಕ್ಕೆ ಕರೆದಳು. "ಅಣ್ಣಾ, ಅದು ನಮ್ಮನೆಯವರು ತಮಾಷೆಗೆ ಕಟ್ಟಿದ ಮಾತು. ಮೀಸೆ ಏನೂ ಅಂದಿಲ್ಲ."

ದಪ್ಪಣ್ಣ ಮಷೀನಿನ ಕಡೆ ಗದ್ದ ಎತ್ತಿದ. "ಅದೂ ತಮಾಷೇನಾ? ನಿನ್ನ ಗಂಡ ಇದ್ದದ್ದು ಇದ್ದ ಹಾಗೆ ಹೇಳಿ ಹೋದ. ಸತ್ತವನ ತಲೆಗೆ ಸುಳ್ಳು ಕಟ್ಟಬೇಡಮ್ಮ."

ಮೀಸೆಯ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಅವನೆಂದ, "ಯಜಮಾನರ ಹತ್ರ ನಾನು ಬಾಯೇ ಬಿಟ್ಟಿಲ್ಲ ಅತ್ತಿಗೆ. ಆ ದಪ್ಪ ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಈಗ ನಾನ್ಯಾಕೆ ಹೋಗಿ ಅವನ ಕಾಲು ಹಿಡೀಲಿ?"

ಬದುಕಿದ್ದಾಗ ಕಡ್ಡಿಯ ಮಾತನ್ನು ಜನ ಅರ್ಧ ನಂಬುತ್ತಿದ್ದರು. ಸತ್ತ ಮೇಲೆ ಸತ್ಯವಂತನಾದ. ಹೊತ್ತಿಸಿದ್ದನ್ನು ಆರಿಸುವುದು ಅವನೊಬ್ಬನಿಗೇ ಗೊತ್ತಿತ್ತು. ಆ ರಾತ್ರಿಯೇ ಅವನನ್ನು ಎಬ್ಬಿಸಿ ಕಳಿಸಬೇಕಿತ್ತು ಎಂದು ಅವಳಿಗೆ ಈಗ ಅನಿಸುತ್ತದೆ. ದಪ್ಪಣ್ಣನ ಮನೆ ಪಕ್ಕದ ಬೀದಿಯಲ್ಲೇ ಇದೆ.

ಬೆಳಗ್ಗೆ ಭಟ್ಟಿ ಕಾದ ಮೇಲೆ ದಪ್ಪಣ್ಣ ಉಂಡೆ ಜೋಡಿಸಿದ ಟ್ರೇಯನ್ನು ಮೇಜಿನ ಅಂಚಿಗೆ ತಳ್ಳುತ್ತಾನೆ. ಮೀಸೆಯ ಕೈಗೆ ಕೊಡುವುದಿಲ್ಲ. ಮೀಸೆ ಬಂದು ತೆಗೆದುಕೊಳ್ಳುವುದೂ ಇಲ್ಲ. ಅವಳು ಕೈಯ ಮಸಿ ಸೀರೆಗೆ ಒರೆಸಿಕೊಂಡು, ಟ್ರೇ ಎತ್ತಿ ಮೀಸೆಗೆ ಕೊಟ್ಟು, ಇನ್ನೊಂದಕ್ಕೆ ವಾಪಸು ಬರುತ್ತಾಳೆ.