ಸಾಲೋಮನ್ ಕಾಕಾರಿಗೆ ಇದೆಂಥ ಗೌರವ?

ಈ ರವಿವಾರ ಹುಬ್ಬಳ್ಳಿಯ ನಮ್ಮ ಹಳೆಯ ಶೂಟಿಂಗ್ ಕ್ಲಬ್ಬಿಗೆ ಕಾಲಿಟ್ಟೊಡನೆ ಬಂದೂಕಿನ ಎಣ್ಣೆಯ ವಾಸನೆ ನನ್ನನ್ನು ಮತ್ತೆ ಎರಡು ಜಡೆಯ ಹುಡುಗಿಯನ್ನಾಗಿ ಮಾಡಿತು. ಆಗ ನಮಗೆ ಕಲಿಸುತ್ತಿದ್ದವರು ಸಾಲೋಮನ್ ಕಾಕಾ. ಸಂಬಳವಿಲ್ಲ, ಬರೀ ಹುಚ್ಚು. ಬಾಯಲ್ಲಿ ಅಡಿಕೆ, ಕೈಯಲ್ಲಿ ಮರದ ಅಳತೆಪಟ್ಟಿ. ಏರ್‌ಗನ್ನಿನ ಮೂತಿ ಗುರಿಹಲಗೆ ಬಿಟ್ಟು ಒಂದಿಷ್ಟು ಮೇಲೆದ್ದರೂ ಬೆರಳ ಮೇಲೆ ಏಟು ಬೀಳುತ್ತಿತ್ತು.

“ಖಾಲಿ ಐತ್ರಿ ಕಾಕಾ,” ಅಂದೆ ಒಮ್ಮೆ.

“ಖಾಲಿ ಇದ್ರೂ ಇಳಸಬೇಕವ್ವಾ. ಮ್ಯಾಲೆ ಹೋದ ಗುಂಡು ಕೇಶ್ವಾಪುರದಾಗ ಯಾರದರ ತಲಿ ಮ್ಯಾಲೆ ಬೀಳತೈತಿ,” ಎಂದು ಇಡೀ ದಿನ ಹೊರಗೆ ಕೂರಿಸಿದರು.

ಈ ಸಲ ನಾನು ಹೋದದ್ದು ತೀರಿಹೋದ ಸದಸ್ಯರ, ಸ್ವಯಂಸೇವಕರ ಸ್ಮರಣೆಗೆ. ಫೋಟೋಗಳ ಸಾಲಿನಲ್ಲಿ ಕಾಕಾ ಕೊನೆಯವರು. ಹಾರ ಹಾಕಿದ್ದಾಯಿತು. ಆಮೇಲೆ ಅಧ್ಯಕ್ಷರು ಕೈಯೆತ್ತಿ, “ಈಗ ನಮ್ಮ ಹುಡುಗ್ರು ಗಾಳ್ಯಾಗ ಗುಂಡು ಹಾರಿಸಿ ಗೌರವ ಸಲ್ಲಸ್ತಾರ್ರಿ,” ಎಂದರು. ಆರು ಏರ್‌ಗನ್ನುಗಳು ಆಕಾಶಕ್ಕೆ ಮೂತಿ ಮಾಡಿದವು. ಎಲ್ಲರ ಮೊಬೈಲುಗಳೂ ಎದ್ದವು. ಆ ಮನುಷ್ಯ ಬದುಕಿಡೀ ಬೇಡವೆಂದದ್ದನ್ನೇ ಅವರ ಫೋಟೋದ ಎದುರು ಮಾಡುವುದು ಗೌರವವೇ?

“ಮೂತಿ ಇಳಸ್ರಲೇ!” ಎಂದು ಕೂಗಿಬಿಟ್ಟೆ.

ಹುಡುಗರಿಗಿಂತ ಮೊದಲು ಅಧ್ಯಕ್ಷರೇ ಬೆರಳು ಮಡಚಿ ಕೈ ಹಿಂದಕ್ಕೆಳೆದುಕೊಂಡರು. ಅವರೂ ಕಾಕಾರ ಅಳತೆಪಟ್ಟಿಯ ಏಟು ತಿಂದವರೇ.