ಹೊಸ ಕಾಯ್ದೆಯ ಗುಮಾಸ್ತರು

ಖಾಸಗಿ ಶಾಲೆಗೆ ಹೋಗುವ ಮಕ್ಕಳ ಫೀಸನ್ನು ಸರ್ಕಾರವೇ ಕಟ್ಟುತ್ತದೆಂಬ ಕಾಯ್ದೆ ಬಂದಾಗಿನಿಂದ ಶಿಕ್ಷಣ ಕಚೇರಿಯ ವಿಚಾರಣೆ ಕಿಟಕಿಯ ಗುಮಾಸ್ತರಿಗೆ ತಲೆ ಕೆರೆದುಕೊಳ್ಳುವುದೇ ಕಸುಬಾಗಿದೆ. ಎಡಗಿವಿಯ ಮೇಲಿನ ಕೂದಲು ಅದರಿಂದಲೇ ಉದುರಿತೆಂದು ಪಕ್ಕದ ಮೇಜಿನವರ ನಂಬಿಕೆ. "ನಮ್ಮ ಹುಡುಗನಿಗೆ ಸಿಗುತ್ತಾ ಸಾರ್?" ಎಂದರೆ ಕನ್ನಡಕವನ್ನು ಹಣೆಗೇರಿಸಿ, "ಒಂದು ಲೆಕ್ಕದಲ್ಲಿ ಸಿಗುತ್ತೆ, ಇನ್ನೊಂದು ಲೆಕ್ಕದಲ್ಲಿ ಸಿಗಲ್ಲ" ಎನ್ನುತ್ತಾರೆ. ತಿದ್ದುಪಡಿ ಬಂತೆಂದು, ಬೆಳಗ್ಗೆ ಕೊಟ್ಟ ಉತ್ತರವನ್ನು ವಾಪಸು ಪಡೆಯಲು ಬಸ್ ನಿಲ್ದಾಣದವರೆಗೆ ಓಡಿದ್ದೂ ಉಂಟು. ಅಷ್ಟಾದರೂ ಜನ ಜಗ್ಗದೆ ನಿಂತರೆ ಕೊನೆಯ ಅಸ್ತ್ರವಾಗಿ ಕೈ ಮುಗಿದು, "ನಾಳೆ ಬನ್ನಿ" ಎನ್ನುತ್ತಾರೆ. ಅದರಲ್ಲಿ ಎಷ್ಟು ಮರ್ಯಾದೆಯೆಂದರೆ, ಬೈಯಲು ಬಂದವರೂ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಸಂಜೆ ಮನೆಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದು ವಿಚಾರಣೆ. ಹೆಂಡತಿ ಸರ್ಕಾರಿ ಶಾಲೆಯ ಟೀಚರು. "ಇವತ್ತು ನನ್ನ ಕ್ಲಾಸಿನ ಮಕ್ಕಳಲ್ಲಿ ಯಾರು ಖಾಸಗಿಗೆ ಹೋದ್ರು ರೀ?" ಎಂದು ದಿನವೂ ಕೇಳುತ್ತಾಳೆ. ಅರ್ಜಿ ಕೊಟ್ಟ ತಾಯಂದಿರ ನಗುಮುಖವೂ ಇವಳ ಮುಖವೂ ಒಟ್ಟಿಗೇ ಕಣ್ಣೆದುರು ನಿಂತು, ಕಾಯ್ದೆ ಒಳ್ಳೆಯದೋ ಕೆಟ್ಟದೋ ಗುಮಾಸ್ತರಿಗೆ ತಿಳಿಯುವುದಿಲ್ಲ. ಮೊನ್ನೆ ಅವಳು ಮೆಲ್ಲಗೆ, "ಎಲ್ಲರೂ ಹೋದ್ರೆ ನಮ್ಮ ಶಾಲೆ ಮುಚ್ಚಿಬಿಡ್ತಾರಾ?" ಎಂದಳು. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿದರು. "ಒಂದು ಲೆಕ್ಕದಲ್ಲಿ..." ಎಂದು ಶುರು ಮಾಡಿ, ಮತ್ತೆ ಕೆಳಗಿಳಿಸಿದರು. ಕಟ್ಟಿಕೊಂಡ ಹೆಂಡತಿಗೇ ಕೈ ಮುಗಿದು, "ನಾಳೆ ಬನ್ನಿ" ಎಂದುಬಿಟ್ಟರು.